ಆಕ್ಷೇಪದ ನೆಲೆ: ಸಾಮಾಜಿಕ ಜಾಲತಾಣಗಳ ಕಾಲದಲ್ಲಿ ವಿದ್ವತ್ಸಂವಾದ

ವಿದ್ವಾಂಸರು ತಮ್ಮೊಳಗೆ ನಡೆಸುವ ವ್ಯವಹಾರದಲ್ಲಿ ಎರಡು ಕ್ರಿಯೆಗಳನ್ನು ಬೇರೆ ಬೇರೆಯಾಗಿ ಗುರುತಿಸಬಹುದು. ತಾನು ಕಂಡುಕೊಂಡದ್ದನ್ನು ಪ್ರಕಟಪಡಿಸುವುದು ಒಂದು. ಹಾಗೆ ಪ್ರಕಟವಾದದ್ದನ್ನು ಇತರರು ಪರೀಕ್ಷಿಸಿ, ಒಪ್ಪಲಾಗದ ಕಡೆಯಲ್ಲಿ ಆಕ್ಷೇಪವನ್ನು ಎತ್ತುವುದು ಇನ್ನೊಂದು. ಪೂರ್ವಪಕ್ಷವನ್ನು ಮೊದಲು ನಿರೂಪಿಸಿ ಅನಂತರ ಸಿದ್ಧಾಂತಕ್ಕೆ ಬರುವುದು ನಮ್ಮ ಶಾಸ್ತ್ರಗ್ರಂಥಗಳ ರೂಢಿ. ಎದುರಾಳಿಯ ಮಾತು ಹೀಗೆ ಗ್ರಂಥದೊಳಗೇ ಸೇರಿ ಉಳಿದುಬಂದದ್ದರಿಂದಲೇ, ತಮ್ಮ ಮೂಲಗ್ರಂಥಗಳನ್ನು ಕಳೆದುಕೊಂಡ ಲೋಕಾಯತರಂಥವರ ವಾದವೂ ಇಂದು ನಮಗೆ ಅಷ್ಟಿಷ್ಟಾದರೂ ತಿಳಿದಿದೆ. ಆಕ್ಷೇಪವನ್ನು ಎತ್ತುವುದು ಎಷ್ಟು ಅಗತ್ಯವೋ, ಅದನ್ನು ಮುಂದಿನವರಿಗೆ ಸಿಗುವ ಕಡೆ ಇಡುವುದೂ ಅಷ್ಟೇ ಅಗತ್ಯ.

ಸಾಮಾಜಿಕ ಜಾಲತಾಣಗಳು ಸಂಶೋಧಕರ ವ್ಯವಹಾರವನ್ನು ಹೇಗೆ ಮಾರ್ಪಡಿಸುತ್ತಿವೆ ಎಂಬ ಚರ್ಚೆ ಸಾಮಾನ್ಯವಾಗಿ ಮೊದಲನೆಯ ಕ್ರಿಯೆಯ ಸುತ್ತಲೇ ನಡೆಯುತ್ತದೆ. ಪ್ರಬಂಧಗಳಿಗೆ ಬೇಗ ಪ್ರಚಾರ ಸಿಗುತ್ತದೆಯೆಂದು ಕೆಲವರು ಮೆಚ್ಚುತ್ತಾರೆ. ಪ್ರಚಾರದ ಹಂಬಲ ಹೆಚ್ಚಿತೆಂದು ಕೆಲವರು ಹಳಿಯುತ್ತಾರೆ. ಈ ಲೇಖಕನಿಗೆ ತೋರುವಂತೆ, ನಿಜವಾದ ಮಾರ್ಪಾಟು ಆಗಿರುವುದು ಎರಡನೆಯ ಕ್ರಿಯೆಯಲ್ಲಿ. ಆಕ್ಷೇಪವು ಹಿಂದೆಂದೂ ಇಲ್ಲದಷ್ಟು ಬೇಗ ಹುಟ್ಟುತ್ತಿದೆ, ಹಿಂದೆ ಬಾಯಿ ತೆರೆಯಲಾಗದಿದ್ದವರಿಂದಲೂ ಹುಟ್ಟುತ್ತಿದೆ. ಆದರೆ ಅದಕ್ಕೆ ನೆಲೆಯಿಲ್ಲ. ಈ ಮಾತನ್ನು ಕೆಲವು ನಿದರ್ಶನಗಳಿಂದ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಹಿಂದಿನ ಏರ್ಪಾಟನ್ನು ಒಮ್ಮೆ ನೆನೆಯಬೇಕು. ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಹೆನ್ರಿ ಓಲ್ಡನ್‌ಬರ್ಗ್ 1665ರಲ್ಲಿ 'ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್' ಎಂಬ ಪತ್ರಿಕೆಯನ್ನು ಆರಂಭಿಸಿದಾಗ, ಅದರಲ್ಲಿ ಅಚ್ಚಾದದ್ದು ಬಹುಪಾಲು ನಾನಾ ದೇಶಗಳ ವಿದ್ವಾಂಸರೊಡನೆ ಅವನು ನಡೆಸುತ್ತಿದ್ದ ಪತ್ರವ್ಯವಹಾರದ ಸಾರವೇ. ಖಾಸಗಿಯಾದ ಕಾಗದವು ಅಚ್ಚಿಗೆ ಹೋಗಿ ಸಾರ್ವಜನಿಕವಾಯಿತು. ಅಲ್ಲಿಂದ ಮುಂದೆ ಸುಮಾರು ಮೂರೂವರೆ ಶತಮಾನಗಳ ಕಾಲ ವಿದ್ವಾಂಸರಿಗೆ ಎರಡು ಬಗೆಯ ಮಾತುಗಳಿದ್ದುವು: ಕಾಗದದಲ್ಲಿಯೋ ವಿಚಾರಗೋಷ್ಠಿಯ ಬಿಡುವಿನಲ್ಲಿಯೋ ಆಡುವ ಸಡಿಲವಾದ ಮಾತು; ಹೆಸರು ಹಾಕಿ, ತೂಗಿ ನೋಡಿ ಅಚ್ಚಿಗೆ ಕೊಡುವ ಬಿಗಿಯಾದ ಮಾತು. ಜಾಲತಾಣವು ಇವೆರಡರ ನಡುವೆ ಮೂರನೆಯದೊಂದನ್ನು ತಂದಿತು. ಅದಕ್ಕೆ ಬಿಡುವಿನ ಮಾತಿನ ಸಡಿಲತೆಯುಂಟು, ಅಚ್ಚಿನ ಮಾತಿಗಿಂತ ಹೆಚ್ಚಿನ ಹರಹುಂಟು. ಅಚ್ಚಿನ ಮಾತಿಗಿರುವ ಬಾಳಿಕೆ ಮಾತ್ರ ಇಲ್ಲ.

ಮೊದಲನೆಯ ನಿದರ್ಶನ 2010ನೆಯ ಇಸವಿಯದು. ಕ್ಯಾಲಿಫೋರ್ನಿಯದ ಮೋನೋ ಸರೋವರದ ಕೆಸರಿನಿಂದ ತೆಗೆದು ಬೆಳೆಸಿದ ಒಂದು ಬ್ಯಾಕ್ಟೀರಿಯವು ತನ್ನ ಡಿಎನ್‌ಎಯಲ್ಲಿ ರಂಜಕಕ್ಕೆ ಬದಲಾಗಿ ಆರ್ಸೆನಿಕ್ ಎಂಬ ಪಾಷಾಣಧಾತುವನ್ನು ಸೇರಿಸಿಕೊಂಡು ಬದುಕಬಲ್ಲುದೆಂದು ಅಮೆರಿಕದ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಬಂಧ ಆ ವರ್ಷದ ಡಿಸೆಂಬರ್ 2ರಂದು ಪ್ರಕಟವಾಯಿತು. ಫೆಲೀಸಾ ವುಲ್ಫ್-ಸೈಮನ್ ಅದರ ಮೊದಲ ಲೇಖಕಿ. ನಾಸಾ ಸಂಸ್ಥೆ ಪತ್ರಿಕಾಗೋಷ್ಠಿ ಕರೆದು ಅದನ್ನು ಲೋಕಕ್ಕೆ ಸಾರಿತು. ನಮಗೆ ತಿಳಿದ ಜೀವಿಗಳೆಲ್ಲಕ್ಕೂ ರಂಜಕ ಅನಿವಾರ್ಯವೆಂಬುದು ಜೀವರಸಾಯನಶಾಸ್ತ್ರದ ಮೂಲಪಾಠಗಳಲ್ಲಿ ಒಂದಾದುದರಿಂದ, ಈ ಮಾತು ನಿಜವಾಗಿದ್ದರೆ ಆ ಶಾಸ್ತ್ರದ ಮೊದಲ ಅಧ್ಯಾಯವನ್ನೇ ಹೊಸದಾಗಿ ಬರೆಯಬೇಕಾಗುತ್ತಿತ್ತು.

ಎರಡೇ ದಿನಗಳಲ್ಲಿ, ಕೆನಡದ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾನಿಲಯದ ಸೂಕ್ಷ್ಮಜೀವಿಶಾಸ್ತ್ರಜ್ಞೆ ರೋಸಿ ರೆಡ್‌ಫೀಲ್ಡ್ ತಮ್ಮ ಸ್ವಂತ ಬ್ಲಾಗಿನಲ್ಲಿ ಆ ಪ್ರಬಂಧವನ್ನು ಸಾಲು ಸಾಲಾಗಿ ಬಿಡಿಸಿ ವಿಮರ್ಶಿಸಿದರು. ಡಿಎನ್‌ಎಯನ್ನು ಸರಿಯಾಗಿ ತೊಳೆದು ಶುದ್ಧಗೊಳಿಸಿಲ್ಲ; ಬೆಳೆಸಿದ ದ್ರಾವಣದಲ್ಲಿ ಕಲ್ಮಷವಾಗಿ ಸೇರಿದ ರಂಜಕವೇ ಆ ಜೀವಿಗೆ ಸಾಕಾಗಿರಬಹುದು—ಇವು ಅವರ ಮುಖ್ಯ ಆಕ್ಷೇಪಗಳು. ಒಡನೆಯೇ ಟ್ವಿಟ್ಟರಿನಲ್ಲಿ ಇತರ ವಿಜ್ಞಾನಿಗಳೂ ಕೂಡಿಕೊಂಡರು. ಪ್ರಬಂಧಕಾರರ ಕಡೆಯಿಂದಲೂ ನಾಸಾದ ಕಡೆಯಿಂದಲೂ ಬಂದ ಉತ್ತರ ಗಮನಾರ್ಹವಾದದ್ದು: ಇಂಥ ಚರ್ಚೆ ನಡೆಯತಕ್ಕದ್ದು ಪರಿಶೀಲಕ ವಿದ್ವಾಂಸರು ನೋಡಿ ಒಪ್ಪಿದ ಪತ್ರಿಕೆಗಳಲ್ಲಿ, ಬ್ಲಾಗುಗಳಲ್ಲಲ್ಲ, ಎಂಬುದು ಅದರ ತಾತ್ಪರ್ಯ.

ಈ ಉತ್ತರವನ್ನು ಆಗ ಅನೇಕರು ಗೇಲಿ ಮಾಡಿದರು. ಗೇಲಿಗೆ ಕಾರಣವಿಲ್ಲದಿರಲಿಲ್ಲ. ಪತ್ರಿಕಾಗೋಷ್ಠಿ ಕರೆದು ಡಂಗುರ ಹೊಡೆಸಿದವರು, ಪ್ರಶ್ನೆ ಬಂದಾಗ ಮಾತ್ರ ಪತ್ರಿಕೆಯ ಪರಿಶೀಲನೆಯ ಮರೆಗೆ ಹೋಗುವುದು ನ್ಯಾಯವಲ್ಲ. ಆದರೂ ಅನಂತರ ನಡೆದುದನ್ನು ನೋಡಿದರೆ, ಆ ಉತ್ತರದಲ್ಲಿ ಒಂದು ಅಂಶ ಸತ್ಯವಿತ್ತೆಂದು ಒಪ್ಪಬೇಕಾಗುತ್ತದೆ. ರೆಡ್‌ಫೀಲ್ಡ್ ತಮ್ಮ ಆಕ್ಷೇಪವನ್ನು ಬ್ಲಾಗಿನಲ್ಲಿಯೇ ಬಿಡಲಿಲ್ಲ. 2011ರ ಜೂನಿನಲ್ಲಿ ಮೂಲಪ್ರಬಂಧವು ಸಂಚಿಕೆಯಲ್ಲಿ ಅಚ್ಚಾದಾಗ ಅದರ ಜೊತೆಗೆ 8 ಆಕ್ಷೇಪಟಿಪ್ಪಣಿಗಳೂ ಅಚ್ಚಾದುವು. ಅವುಗಳಲ್ಲಿ ಅವರದೂ ಒಂದು. ಆಮೇಲೆ ಅವರು ಆ ಬ್ಯಾಕ್ಟೀರಿಯವನ್ನೇ ತರಿಸಿ ಬೆಳೆಸಿ, ದಿನದಿನದ ಫಲಿತಾಂಶವನ್ನು ಎಲ್ಲರಿಗೂ ಕಾಣುವಂತೆ ಬರೆಯುತ್ತ ಬಂದು, ಕೊನೆಗೆ ಸಹೋದ್ಯೋಗಿಗಳೊಡನೆ ಪ್ರಬಂಧ ರಚಿಸಿದರು. 2012ರ ಜುಲೈಯಲ್ಲಿ ಅದೂ, ಸ್ವಿಟ್ಜರ್ಲೆಂಡಿನ ಇನ್ನೊಂದು ತಂಡದ ಪ್ರಬಂಧವೂ ಅದೇ 'ಸೈನ್ಸ್' ಪತ್ರಿಕೆಯಲ್ಲಿ ಬಂದುವು. ಆ ಜೀವಿಯ ಡಿಎನ್‌ಎಯಲ್ಲಿ ಆರ್ಸೆನಿಕ್ ಸೇರಿಕೊಂಡಿರುವ ಕುರುಹು ರೆಡ್‌ಫೀಲ್ಡರಿಗೆ ಕಾಣಲಿಲ್ಲ. ಅದು ಪಾಷಾಣವನ್ನು ಸಹಿಸಬಲ್ಲುದಾದರೂ ರಂಜಕವಿಲ್ಲದೆ ಬೆಳೆಯಲಾರದೆಂದು ಇನ್ನೊಂದು ತಂಡ ತೋರಿಸಿತು. ಮೂಲಪ್ರಬಂಧವನ್ನು ಪತ್ರಿಕೆಯ ಸಂಪಾದಕರು ಹಿಂತೆಗೆದುಕೊಂಡದ್ದಾದರೋ 2025ರ ಜುಲೈಯಲ್ಲಿ. ಮೋಸ ನಡೆದಿದೆಯೆಂದು ಅವರು ಹೇಳಲಿಲ್ಲ. ಪ್ರಯೋಗಗಳು ಮುಖ್ಯ ನಿರ್ಣಯವನ್ನು ಸಮರ್ಥಿಸುವುದಿಲ್ಲವೆಂದಷ್ಟೇ ಹೇಳಿದರು. ಪ್ರಬಂಧಕಾರರು ಅದಕ್ಕೆ ಒಪ್ಪಲಿಲ್ಲ.

ಆಕ್ಷೇಪ ಹುಟ್ಟಲು ಹಿಡಿದದ್ದು 2 ದಿನ. ಮೂಲಪ್ರಬಂಧದ ಮೇಲೆಯೇ ಅದರ ಮುದ್ರೆ ಬೀಳಲು ಹಿಡಿದದ್ದು ಸುಮಾರು 15 ವರ್ಷ. ಜಾಲತಾಣ ಮೊದಲನೆಯ ಅವಧಿಯನ್ನು ಕುಗ್ಗಿಸಿತು, ಎರಡನೆಯದನ್ನು ಮುಟ್ಟಲಿಲ್ಲ. ಈ ನಡುವಣ ಕಾಲದಲ್ಲಿ ಮೂಲಪ್ರಬಂಧವನ್ನು ಮಾತ್ರ ತೆರೆದು ಓದಿದ ದೂರದ ಊರಿನ ವಿದ್ಯಾರ್ಥಿಗೆ ಸಂಗತಿ ತಿಳಿಯುವಂತಿದ್ದರೆ, ಅದು ಟ್ವಿಟ್ಟರಿನ ಗದ್ದಲದಿಂದಲ್ಲ, ಆ ಪ್ರಬಂಧಕ್ಕೆ ಹೊಂದಿಕೊಂಡಂತೆ ಅಚ್ಚಾದ ಟಿಪ್ಪಣಿಗಳಿಂದ.

ಎರಡನೆಯ ನಿದರ್ಶನ ನಮ್ಮ ಬೆಂಗಳೂರಿನದು. 2018ರ ಜುಲೈಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ದೇವ್ ಕುಮಾರ್ ಥಾಪಾ ಮತ್ತು ಅಂಶು ಪಾಂಡೆ ಎಂಬ ಇಬ್ಬರು ಸಂಶೋಧಕರು 'ಆರ್ಕೈವ್' ಭಂಡಾರದಲ್ಲಿ ಒಂದು ಪ್ರಬಂಧವನ್ನು ಇರಿಸಿದರು. ಪೌಲ್ ಗಿನ್ಸ್‌ಪಾರ್ಗ್ 1991ರಲ್ಲಿ ಆರಂಭಿಸಿದ ಈ ಭಂಡಾರದಲ್ಲಿ ಭೌತವಿಜ್ಞಾನಿಗಳು ತಮ್ಮ ಪ್ರಬಂಧಗಳನ್ನು ಪತ್ರಿಕೆಯ ಪರಿಶೀಲನೆಗೆ ಮುಂಚೆಯೇ ಎಲ್ಲರಿಗೂ ಸಿಗುವಂತೆ ಇಡುವುದು ವಾಡಿಕೆ. ಚಿನ್ನದ ನಡುವೆ ಬೆಳ್ಳಿಯ ಅತಿಸೂಕ್ಷ್ಮ ಕಣಗಳನ್ನು ಹುದುಗಿಸಿದ ವಸ್ತುವು, ಸಾಮಾನ್ಯ ವಾಯುಭಾರದಲ್ಲಿಯೇ, ಸುಮಾರು 236 ಕೆಲ್ವಿನ್ ಎಂದರೆ ಸೊನ್ನೆಗಿಂತ 37 ಡಿಗ್ರಿ ಸೆಲ್ಸಿಯಸ್ ಕೆಳಗಿನ ಉಷ್ಣತೆಯಲ್ಲಿ ವಿದ್ಯುತ್ತಿಗೆ ಯಾವ ಅಡ್ಡಿಯನ್ನೂ ಒಡ್ಡದ ಅತಿವಾಹಕವಾಗುತ್ತದೆಂಬುದು ಅವರ ಪ್ರತಿಪಾದನೆ. ಶತಮಾನದಿಂದ ಭೌತವಿಜ್ಞಾನಿಗಳು ಅರಸುತ್ತಿರುವ ವಸ್ತುವಿನ ಹತ್ತಿರಕ್ಕೆ ಬಂದಂತಾಯಿತೆಂದು ದೇಶದಲ್ಲೆಲ್ಲ ಕುತೂಹಲ ಹುಟ್ಟಿತು.

ಆಗಸ್ಟಿನಲ್ಲಿ, ಅಮೆರಿಕದ ಎಂ.ಐ.ಟಿ.ಯಲ್ಲಿದ್ದ ಬ್ರಯನ್ ಸ್ಕಿನ್ನರ್ ಎಂಬ ಯುವ ಭೌತವಿಜ್ಞಾನಿ ಆ ಪ್ರಬಂಧದ ಒಂದು ನಕ್ಷೆಯಲ್ಲಿ ವಿಚಿತ್ರವಾದದ್ದೊಂದನ್ನು ಗುರುತಿಸಿದರು. ಯಾವ ಅಳತೆಯಲ್ಲಿಯೂ ಉಪಕರಣದ ಮತ್ತು ಪರಿಸರದ ಕಾರಣದಿಂದ ಗೊತ್ತುಗುರಿಯಿಲ್ಲದ ಸಣ್ಣ ಏರಿಳಿತಗಳು ಸೇರಿಕೊಳ್ಳುತ್ತವೆ. ಅವು ಆಕಸ್ಮಿಕವಾದುದರಿಂದ ಒಂದು ಅಳತೆಯ ಏರಿಳಿತ ಇನ್ನೊಂದರಲ್ಲಿ ಮರುಕಳಿಸುವುದಿಲ್ಲ. ಇಲ್ಲಿಯಾದರೋ, ಬೇರೆ ಬೇರೆ ಕಾಂತಕ್ಷೇತ್ರಗಳಲ್ಲಿ ತೆಗೆದ ಎರಡು ಅಳತೆಗಳಲ್ಲಿ ಏರಿಳಿತಗಳು ಚುಕ್ಕೆ ಚುಕ್ಕೆಗೂ ಒಂದೇ ಆಗಿದ್ದುವು. ಒಂದು ರೇಖೆ ಇನ್ನೊಂದಕ್ಕಿಂತ ಒಂದೇ ಅಂತರದಲ್ಲಿ ಮೇಲಿತ್ತು, ಅಷ್ಟೆ. ಸ್ಕಿನ್ನರ್ ಇದನ್ನು ಒಂದು ಚಿಕ್ಕ ಟಿಪ್ಪಣಿಯಾಗಿ ಬರೆದು ಅದೇ ಆರ್ಕೈವ್ ಭಂಡಾರದಲ್ಲಿ ಇಟ್ಟರು, ಟ್ವಿಟ್ಟರಿನಲ್ಲಿಯೂ ವಿವರಿಸಿದರು. ಇದು ಹೇಗಾಯಿತೆಂಬುದಕ್ಕೆ ತಮ್ಮಲ್ಲಿ ಸಿದ್ಧಾಂತವೇನೂ ಇಲ್ಲವೆಂಬ ಸಂಯಮವನ್ನು ಅವರು ಕಾಯ್ದುಕೊಂಡರು. ಇದು ಮೆಚ್ಚತಕ್ಕ ಗುಣ.

ಅಲ್ಲಿಂದ ಚರ್ಚೆ ಹರಡಿದ ಬಗೆಯನ್ನು ಗಮನಿಸಬೇಕು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಪ್ರತಾಪ್ ರಾಯ್‌ಚೌಧುರಿ ಫೇಸ್‌ಬುಕ್ಕಿನಲ್ಲಿ ಈ ವಿಷಯವನ್ನು ವಿಸ್ತಾರವಾಗಿ ಚರ್ಚಿಸಿದರು. ಆಕಸ್ಮಿಕ ಏರಿಳಿತವೆಂದು ಕಾಣುವುದು ನಿಜವಾಗಿ ಆ ವಸ್ತುವಿನದೇ ಲಕ್ಷಣವಾಗಿರಬಹುದಲ್ಲವೆ ಎಂಬ, ಪ್ರಬಂಧಕಾರರಿಗೆ ಅನುಕೂಲವಾಗಬಹುದಾದ ಸಾಧ್ಯತೆಯನ್ನೂ ಅವರು ಮುಂದಿಟ್ಟರು. ವಾದದಲ್ಲಿ ಎದುರುಪಕ್ಷದ ಪರವಾಗಿಯೂ ಯೋಚಿಸುವ ಈ ಕ್ರಮ ಶ್ಲಾಘ್ಯ. ಆದರೆ ಅದೇ ವೇಳೆಗೆ, ಹಿರಿಯ ಭೌತವಿಜ್ಞಾನಿಯೊಬ್ಬರ ಹೆಸರಿನಲ್ಲಿ ಯಾರೋ ಮಿಂಚಂಚೆ ಕಳುಹಿಸಿದ ಪ್ರಸಂಗವೂ ನಡೆಯಿತು. ತಾವು ಅದನ್ನು ಬರೆಯಲಿಲ್ಲವೆಂದು ಆ ಹಿರಿಯರು ಸ್ಪಷ್ಟಪಡಿಸಬೇಕಾಯಿತು. ಪ್ರಬಂಧಕಾರರು ಜಾಲತಾಣದ ಚರ್ಚೆಗೆ ಇಳಿಯದೆ, ಫಲಿತಾಂಶವನ್ನು ಇತರ ತಜ್ಞರಿಂದ ಪರೀಕ್ಷೆ ಮಾಡಿಸುತ್ತಿರುವುದಾಗಿ ತಿಳಿಸಿದರು. 2019ರ ಮೇ ತಿಂಗಳಲ್ಲಿ ಸಂಸ್ಥೆಯ ಇತರ ಸಂಶೋಧಕರನ್ನೂ ಕೂಡಿಸಿಕೊಂಡು, ಹೊಸ ಅಳತೆಗಳೊಡನೆ, ಪರಿಷ್ಕೃತ ಪ್ರಬಂಧವನ್ನು ಭಂಡಾರದಲ್ಲಿ ಇರಿಸಿದರು. ಸಾಮಾನ್ಯ ವಾಯುಭಾರದಲ್ಲಿ ಅಂಥ ಉಷ್ಣತೆಯಲ್ಲಿ ಅತಿವಾಹಕವಾಗುವ ವಸ್ತು ಇದೆಯೆಂಬುದು ಇಂದಿಗೂ ಭೌತವಿಜ್ಞಾನದಲ್ಲಿ ಒಪ್ಪಿತವಾದ ಸಂಗತಿಯಲ್ಲ.

ಇಲ್ಲಿ ನಿರ್ಣಯ ಯಾರ ಕಡೆಗೆಂಬುದು ನಮ್ಮ ವಿಷಯವಲ್ಲ. ಇಂದು ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿ ಈ ವಿವಾದವನ್ನು ಅಧ್ಯಯನಮಾಡಬೇಕೆಂದು ಹೊರಟರೆ ಅವನಿಗೆ ಏನೇನು ಸಿಗುತ್ತದೆ? ಮೂಲಪ್ರಬಂಧದ ಎರಡು ಆವೃತ್ತಿಗಳೂ ಸಿಗುತ್ತವೆ, ಏಕೆಂದರೆ ಭಂಡಾರವು ಹಳೆಯ ಆವೃತ್ತಿಯನ್ನು ಅಳಿಸುವುದಿಲ್ಲ. ಸ್ಕಿನ್ನರರ ಟಿಪ್ಪಣಿ ಸಂಖ್ಯೆಯೊಡನೆ, ದಿನಾಂಕದೊಡನೆ ಸಿಗುತ್ತದೆ. ನೂರಾರು ತಜ್ಞರು ಕೆಲವು ವಾರಗಳ ಕಾಲ ಆಡಿದ ಮಾತುಗಳಲ್ಲಿ ಉಳಿದದ್ದು, ವೃತ್ತಪತ್ರಿಕೆಗಳ ವರದಿಗಾರರು ಎತ್ತಿಕೊಂಡಷ್ಟು ಮಾತ್ರ. ಉಳಿದದ್ದನ್ನು ಆ ಆ ವ್ಯಕ್ತಿಗಳ ಪುಟಗಳಲ್ಲಿ ಕೆದಕಿ ತೆಗೆಯಬೇಕು. ಪುಟದ ಒಡೆಯ ಅದನ್ನು ಮುಚ್ಚಿದ್ದರೆ ಅದೂ ಇಲ್ಲ. ಸ್ಕಿನ್ನರರ ಜಾಣತನವಿದ್ದದ್ದು ಆಕ್ಷೇಪವನ್ನು ಕಂಡುಹಿಡಿದುದರಲ್ಲಿ ಮಾತ್ರವಲ್ಲ, ಮೂಲಪ್ರಬಂಧವಿದ್ದ ಕಪಾಟಿನಲ್ಲಿಯೇ ಅದನ್ನೂ ಇಟ್ಟುದರಲ್ಲಿ.

ಆಕ್ಷೇಪ ಬೇಗ ಬಂದ ಮಾತ್ರಕ್ಕೆ ಕೆಲಸವಾಗುವುದಿಲ್ಲವೆಂಬುದಕ್ಕೆ 2020ರ ಆರಂಭದ ಒಂದು ಘಟನೆ ಸಾಕ್ಷಿ. ಕೊರೋನಾ ವೈರಸ್ಸಿನ ಮುಳ್ಳುಪ್ರೋಟೀನಿನಲ್ಲಿ ಎಚ್‌ಐವಿಯನ್ನು ಹೋಲುವ ನಾಲ್ಕು ತುಣುಕುಗಳು ಸೇರಿವೆ, ಈ ಹೋಲಿಕೆ ಆಕಸ್ಮಿಕವಾಗಿರುವ ಸಂಭವ ಕಡಮೆ ಎಂದು ದೆಹಲಿಯ ಸಂಶೋಧಕರ ತಂಡವೊಂದು ಜನವರಿ 31ರಂದು 'ಬಯೋಆರ್ಕೈವ್' ಭಂಡಾರದಲ್ಲಿ ಪ್ರಬಂಧವನ್ನು ಇರಿಸಿತು. ಅಷ್ಟು ಗಿಡ್ಡ ತುಣುಕುಗಳು ಬೇರೆ ಎಷ್ಟೋ ಜೀವಿಗಳಲ್ಲಿ ಸಿಗುತ್ತವೆಂದು ಟ್ವಿಟ್ಟರಿನಲ್ಲಿಯೂ ಪ್ರಬಂಧದ ಅಡಿಯಲ್ಲಿಯೂ ತಜ್ಞರು ಕೂಡಲೇ ತೋರಿಸಿಕೊಟ್ಟರು. ಫೆಬ್ರವರಿ 2ರಂದು ಪ್ರಬಂಧಕಾರರೇ ಅದನ್ನು ಹಿಂತೆಗೆದುಕೊಂಡರು. ಸಮವಿದ್ವಾಂಸರ ಪರಿಶೀಲನೆ ಇಷ್ಟು ಶೀಘ್ರವಾಗಿ, ಇಷ್ಟು ಬಹಿರಂಗವಾಗಿ ನಡೆದದ್ದು ಅಪೂರ್ವ. ಆದರೆ ಹಿಂತೆಗೆದದ್ದು ಪ್ರಬಂಧವನ್ನೇ ಹೊರತು, ಅದು ಎಬ್ಬಿಸಿದ ಗುಲ್ಲನ್ನಲ್ಲ. ವೈರಸ್ಸು ಮನುಷ್ಯರು ಕೈಯಾರೆ ಮಾಡಿದ್ದೆಂಬ ಮಾತಿಗೆ ಅದು ಆಧಾರವಾಗಿ ಊರೂರು ಅಲೆಯಿತು. ನೊಬೆಲ್ ಪಾರಿತೋಷಕ ಪಡೆದಿದ್ದ ಫ್ರಾನ್ಸಿನ ಲ್ಯೂಕ್ ಮೊಂತಾನ್ಯೇ ಕೂಡ ಏಪ್ರಿಲಿನಲ್ಲಿ ದೂರದರ್ಶನದ ಮುಂದೆ ಇದೇ ಜಾಡಿನ ಮಾತನ್ನು ಆಡಿದರು. ಮೂಲದ ಮಾತು ಒಂದು ದಾರಿಯಲ್ಲಿ ಓಡಿತು, ತಿದ್ದುಪಡಿ ಇನ್ನೊಂದು ದಾರಿಯಲ್ಲಿ. ಎರಡೂ ಎಲ್ಲಿಯೂ ಸಂಧಿಸಲಿಲ್ಲ.

ಜಾಲತಾಣದಿಂದ ಪ್ರಬಂಧಗಳಿಗೆ ಉಲ್ಲೇಖಗಳು ಹೆಚ್ಚುತ್ತವೆಯೇ ಎಂಬ ಪ್ರಶ್ನೆಯನ್ನು ಇಲ್ಲಿ ಸಂಕ್ಷೇಪವಾಗಿ ಮುಗಿಸಬಹುದು. ಎದೆಯ ಶಸ್ತ್ರಚಿಕಿತ್ಸಕರು 112 ಪ್ರಬಂಧಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲನ್ನು ಮಾತ್ರ ಟ್ವಿಟ್ಟರಿನಲ್ಲಿ ಸಾರಿ ನೋಡಿದಾಗ, ಸಾರಿದವಕ್ಕೆ ವರ್ಷದೊಳಗೆ ಹೆಚ್ಚು ಉಲ್ಲೇಖ ಬಂದುವು. ಜೀವವಿಜ್ಞಾನಿಗಳು 11 ಪತ್ರಿಕೆಗಳಿಂದ ಆರಿಸಿ ನಡೆಸಿದ, 2024ರಲ್ಲಿ ಪ್ರಕಟವಾದ ಇಂಥದೇ ಪರೀಕ್ಷೆಯಲ್ಲಿ, ಸಾರಿದ ಪ್ರಬಂಧಗಳನ್ನು ಜನ ಒಡನೆಯೇ ಎರಡೂವರೆಯಿಂದ ನಾಲ್ಕು ಪಟ್ಟು ಹೆಚ್ಚಾಗಿ ಇಳಿಸಿಕೊಂಡರು. ಮೂರು ವರ್ಷಗಳ ಅನಂತರ ಉಲ್ಲೇಖದಲ್ಲಿ ಗಣನೀಯವೆನ್ನಬಹುದಾದ ವ್ಯತ್ಯಾಸ ಕಾಣಲಿಲ್ಲ. ಎರಡನ್ನೂ ಸೇರಿಸಿ ನೋಡಿದರೆ, ಜನ ನೋಡುತ್ತಾರೆಂಬುದು ಖಚಿತ, ಬಳಸುತ್ತಾರೆಂಬುದು ಖಚಿತವಲ್ಲ. ಹೀಗಿರಲು, ಅಧ್ಯಾಪಕರ ಬಡ್ತಿಯ ಅರ್ಜಿಯಲ್ಲಿ ಜಾಲತಾಣದ ಹಿಂಬಾಲಕರ ಸಂಖ್ಯೆಯನ್ನು ಯಾರಾದರೂ ಕಾಣಿಸಿದರೆ ಅದಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಓದುಗರೇ ಊಹಿಸಬಹುದು.

ಹೊಸ ಏರ್ಪಾಟಿನ ಒಂದು ಗುಣವನ್ನು ಮುಚ್ಚಿಡಬಾರದು. ಹಳೆಯ ಏರ್ಪಾಟಿನಲ್ಲಿ ಆಕ್ಷೇಪಕ್ಕೆ ಬಾಗಿಲು ಕಾಯುವವರಿದ್ದರು. ಸಂಪಾದಕರ ಪರಿಚಯವಿಲ್ಲದ, ದೊಡ್ಡ ಸಂಸ್ಥೆಯ ಹೆಸರಿಲ್ಲದ ಯುವಕನು ಹಿರಿಯರೊಬ್ಬರ ಪ್ರಬಂಧದಲ್ಲಿ ದೋಷ ಕಂಡರೆ, ಅದನ್ನು ಮನಸ್ಸಿನಲ್ಲಿಯೇ ನುಂಗಿಕೊಳ್ಳುವುದು ರೂಢಿಯಾಗಿತ್ತು. ಈಗ ಅಳತೆಯ ಚುಕ್ಕೆಗಳನ್ನು ಎಣಿಸುವ ತಾಳ್ಮೆಯಿದ್ದವನು ಯಾರೇ ಆಗಲಿ ಮಾತಾಡಬಹುದು. 2014ರಲ್ಲಿ ಜಪಾನಿನ ರಿಕೆನ್ ಸಂಸ್ಥೆಯಿಂದ ಬಂದು 'ನೇಚರ್' ಪತ್ರಿಕೆಯಲ್ಲಿ ಅಚ್ಚಾದ, ಸಾಧಾರಣ ಜೀವಕೋಶಗಳನ್ನು ಆಮ್ಲದಲ್ಲಿ ಅದ್ದಿ ಆದಿಕೋಶಗಳಾಗಿ ಮಾರ್ಪಡಿಸಬಹುದೆಂಬ ಪ್ರಬಂಧಗಳ ಚಿತ್ರಗಳಲ್ಲಿದ್ದ ದೋಷಗಳನ್ನು ಮೊದಲು ಎತ್ತಿದವರಲ್ಲಿ ಹೆಸರಿಲ್ಲದ ಜಾಲತಾಣಿಗರೇ ಹೆಚ್ಚು. ಜನವರಿಯಲ್ಲಿ ಬಂದ ಆ ಪ್ರಬಂಧಗಳು ಜುಲೈಯಲ್ಲಿ ಹಿಂತೆಗೆಯಲ್ಪಟ್ಟುವು. ಹೆಸರು ಮರೆಸಿಕೊಂಡವನ ಮಾತಿಗೆ ಬೆಲೆಯೇನೆಂದು ಕೇಳುವವರಿದ್ದಾರೆ. ಚಿತ್ರ ಎದುರಿಗಿರುವಾಗ, ಅದನ್ನು ತೋರಿಸಿದವನ ಹೆಸರು ಬೇಕಿಲ್ಲ. ಆದರೆ ಇದು ಕಣ್ಣಿಗೆ ಕಾಣುವ ದೋಷಕ್ಕೆ ಮಾತ್ರ ಸಲ್ಲುವ ಮಾತು. ಅರ್ಥನಿರ್ಣಯ, ಕಾಲನಿರ್ಣಯ, ಪಾಠನಿರ್ಣಯಗಳಲ್ಲಿ ಆಕ್ಷೇಪಿಸುವವನು ಯಾರು, ಅವನ ಹಿಂದಿನ ಕೆಲಸವೇನು ಎಂಬುದೂ ಪ್ರಮಾಣದ ಒಂದು ಭಾಗವಾಗುತ್ತದೆ.

ಇನ್ನು ನೆಲೆಯ ಪ್ರಶ್ನೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2010ರಲ್ಲಿ ಟ್ವಿಟ್ಟರಿನ ಸಾರ್ವಜನಿಕ ಬರಹಗಳನ್ನೆಲ್ಲ ಸಂಗ್ರಹಿಸಿಡುವುದಾಗಿ ಒಪ್ಪಿಕೊಂಡಿತ್ತು. 2018ರ ಆರಂಭದಿಂದ ಆಯ್ದವನ್ನು ಮಾತ್ರ ಇಡತೊಡಗಿತು. ಜಗತ್ತಿನ ಅತಿ ದೊಡ್ಡ ಗ್ರಂಥಾಲಯಗಳಲ್ಲೊಂದಕ್ಕೇ ಅದು ಹೊರಲಾರದ ಹೊರೆಯಾಯಿತು. 2023ರಲ್ಲಿ ಟ್ವಿಟ್ಟರಿನ ಹೆಸರೇ ಎಕ್ಸ್ ಎಂದಾಯಿತು. ಅಲ್ಲಿಯ ಬರಹಗಳನ್ನು ಸಂಶೋಧಕರು ಒಟ್ಟಾಗಿ ಪಡೆಯಲು ಇದ್ದ ಉಚಿತ ಸೌಕರ್ಯವೂ ನಿಂತಿತು. ಅನೇಕ ವಿಜ್ಞಾನಿಗಳು ಮಾಸ್ಟೊಡಾನ್, ಬ್ಲೂಸ್ಕೈ ಮುಂತಾದ ಕಡೆಗೆ ಗುಳೆ ಎದ್ದರು. ಹೋಗುವಾಗ ಹಳೆಯ ಚರ್ಚೆಗಳನ್ನು ಹೊತ್ತುಕೊಂಡು ಹೋಗುವ ದಾರಿಯಿರಲಿಲ್ಲ. ವಿದ್ವಾಂಸರ ಆಕ್ಷೇಪಗಳು ಬಾಡಿಗೆಯ ಮನೆಯಲ್ಲಿವೆ. ಮನೆಯೊಡೆಯನು ವಿದ್ವಾಂಸನಲ್ಲ, ಆಗಬೇಕಾದ ಅಗತ್ಯವೂ ಅವನಿಗಿಲ್ಲ.

ವಿಜ್ಞಾನದ ಮಾತು ನಮಗೇಕೆ ಎಂದು ಕನ್ನಡದ ಅಧ್ಯಾಪಕರು ಕೇಳಬಹುದು. ಹಲ್ಮಿಡಿ ಶಾಸನವನ್ನೇ ತೆಗೆದುಕೊಳ್ಳೋಣ. ಎಂ. ಎಚ್. ಕೃಷ್ಣ ಅವರು ಅದನ್ನು ಮೈಸೂರು ಪ್ರಾಕ್ತನ ಇಲಾಖೆಯ 1936ರ ವಾರ್ಷಿಕ ವರದಿಯಲ್ಲಿ ಪ್ರಕಟಿಸಿದರು. ಅದರ ಕಾಲ ಸುಮಾರು ಕ್ರಿ.ಶ. 450 ಎಂಬುದನ್ನು ಎಲ್ಲರೂ ಒಪ್ಪಲಿಲ್ಲ. ಲಿಪಿಯ ಲಕ್ಷಣದ ಮೇಲೆ, ರಾಜನ ಹೆಸರಿನ ಮೇಲೆ, ಪಾಠದ ಮೇಲೆ ದಶಕಗಳ ಕಾಲ ವಾದ ನಡೆಯಿತು. ಯಾರು ಯಾವ ಪದವನ್ನು ಹೇಗೆ ಓದಿದರು, ಯಾರು ಅದನ್ನು ಯಾವ ಕಾರಣದಿಂದ ತಿದ್ದಿದರು ಎಂಬುದನ್ನು ಇಂದಿನ ಎಂ.ಎ. ವಿದ್ಯಾರ್ಥಿ ಗ್ರಂಥಾಲಯದಲ್ಲಿ ಕುಳಿತು ಪುಟ ಹಿಡಿದು ತೋರಿಸಬಲ್ಲ. 'ಎಪಿಗ್ರಾಫಿಯ ಕರ್ನಾಟಿಕ'ದಲ್ಲಿ ಪ್ರತಿಯೊಂದು ಶಾಸನಕ್ಕೂ ತಾಲ್ಲೂಕಿನ ಹೆಸರೂ ಸಂಖ್ಯೆಯೂ ಉಂಟು. ಆ ಸಂಖ್ಯೆಯನ್ನು ಹೇಳಿದರೆ ಎಲ್ಲಿಯ ವಿದ್ವಾಂಸನಿಗಾದರೂ ಯಾವ ಕಲ್ಲಿನ ಮಾತೆಂಬುದು ತಿಳಿಯುತ್ತದೆ.

ಈಗ ಹೊಲದ ಬದುವಿನಲ್ಲಿಯೋ ಗುಡಿಯ ಹಿಂದೆಯೋ ಕಂಡ ವೀರಗಲ್ಲಿನ ಭಾವಚಿತ್ರವನ್ನು ಆಸಕ್ತರು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಸಂಜೆಯೊಳಗೆ ನಾಲ್ಕು ಓದುಗಳು ಬರುತ್ತವೆ. ನಿವೃತ್ತ ಅಧ್ಯಾಪಕರೊಬ್ಬರು ಮೂರನೆಯ ಸಾಲಿನ ಒಂದು ಅಕ್ಷರವನ್ನು ತಿದ್ದುತ್ತಾರೆ. ಆ ತಿದ್ದುಪಡಿಯಿಂದ ಊರಿನ ಹೆಸರೇ ಬೇರೆಯಾಗುತ್ತದೆ. ಎಷ್ಟೋ ವೇಳೆ ಈ ಓದು ಅಚ್ಚಾದ ಓದಿಗಿಂತ ಮೇಲಾಗಿರುತ್ತದೆ; ಇದರಲ್ಲಿ ಸಂದೇಹಪಡಬೇಕಾಗಿಲ್ಲ. ಮಾರನೆಯ ದಿನ ಗುಂಪಿನಲ್ಲಿ ಹಬ್ಬದ ಶುಭಾಶಯಗಳು ಬರುತ್ತವೆ. ಒಂದು ವರ್ಷ ಕಳೆದ ಮೇಲೆ ಆ ಓದು ಯಾರದೋ ಪುಸ್ತಕದಲ್ಲಿ ಯಾರ ಹೆಸರೂ ಇಲ್ಲದೆ ಕಾಣಿಸಿಕೊಳ್ಳುತ್ತದೆ, ಅಥವಾ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ತಿದ್ದಿದ ಹಿರಿಯರು ತೀರಿಕೊಂಡರೆ ಅವರ ಕೈಫೋನಿನೊಡನೆ ಕಾರಣವೂ ಹೋಗುತ್ತದೆ. ಅಕ್ಷರವನ್ನು ಏಕೆ ಹಾಗೆ ಓದಬೇಕೆಂಬುದು ಮುಂದಿನವರಿಗೆ ತಿಳಿಯುವುದಿಲ್ಲ.

ಇಂಥ ಬುಲೆಟಿನ್ನುಗಳು ಇದಕ್ಕೆ ಏನಾದರೂ ಮಾಡಬಹುದು. ನಮ್ಮ ವಾರ್ಷಿಕ ಸಂಚಿಕೆಗಳು ಇಪ್ಪತ್ತು ಪುಟದ ಪ್ರಬಂಧಕ್ಕೆ ಜಾಗ ಕೊಡುತ್ತವೆ, ಅರ್ಧ ಪುಟದ ತಿದ್ದುಪಡಿಗೆ ಕೊಡುವುದಿಲ್ಲ. ಅರ್ಧ ಪುಟ ಬರೆದವನಿಗೆ ಅದನ್ನು ಪ್ರಕಟಣೆಯೆಂದು ಎಣಿಸುವ ನಿಯಮವೂ ಇಲ್ಲ. ಆದ್ದರಿಂದ ಅವನು ಅದನ್ನು ಗುಂಪಿಗೆ ಹಾಕಿ ಸುಮ್ಮನಾಗುತ್ತಾನೆ. ಇದರಲ್ಲಿ ಅವನ ತಪ್ಪೇನೂ ಇಲ್ಲ. ಪ್ರತಿ ಸಂಚಿಕೆಯ ಕೊನೆಯಲ್ಲಿ ಕೆಲವು ಪುಟಗಳನ್ನು ಇಂಥ ಟಿಪ್ಪಣಿಗಳಿಗೆ ಮೀಸಲಿಡಬೇಕು: ಯಾವ ಕಲ್ಲು ಅಥವಾ ಯಾವ ಪ್ರಬಂಧ, ಯಾವ ಸಾಲು, ಯಾವ ಕಾರಣ, ಮೊದಲು ಯಾರು ಯಾವ ದಿನ ಯಾವ ಗುಂಪಿನಲ್ಲಿ ಹೇಳಿದರು—ಇಷ್ಟಿದ್ದರೆ ಸಾಕು. ಮೂಲಲೇಖಕರ ಉತ್ತರವಿದ್ದರೆ ಅದೂ ಅದರ ಕೆಳಗೇ ಬರಬೇಕು. ವರ್ಷಕ್ಕೊಮ್ಮೆ ಬರುವ ಸಂಚಿಕೆಗೆ ಕಾಯುವಷ್ಟರಲ್ಲಿ ಮಾತು ಹಳಸುತ್ತದೆಂದು ಹೇಳುವವರು, ಟಿಪ್ಪಣಿ ಬಂದ ದಿನವೇ ಅದನ್ನು ವಿಶ್ವವಿದ್ಯಾನಿಲಯದ ಜಾಲಪುಟದಲ್ಲಿ ದಿನಾಂಕ ಹಾಕಿ ಇಟ್ಟು, ಅನಂತರ ಸಂಚಿಕೆಯಲ್ಲಿ ಅಚ್ಚುಮಾಡುವ ಕ್ರಮವನ್ನು ಯೋಚಿಸಬಹುದು. ಅದಕ್ಕೆ ಬೇಕಾಗುವುದು ಒಬ್ಬ ಸಹಾಯಕ ಸಂಪಾದಕ, ಮತ್ತು ಟಿಪ್ಪಣಿಗೆ ಕೊಡುವ ಒಂದು ಕ್ರಮಸಂಖ್ಯೆ.